ಡೊಂಕು ನೆಲದ ತೂಕ

ಪಂಪಮ್ಮ ಬಳೆ ಬಿಚ್ಚಿ ಕಿಟಕಿಯಲ್ಲಿಟ್ಟಳು, ಕೈಗಡಿಯಾರ ಬಿಚ್ಚಿದಳು, ಸೆರಗಿಗೆ ಚುಚ್ಚಿದ್ದ ನಾಲ್ಕು ಪಿನ್ನುಗಳನ್ನೂ ಕಿತ್ತಳು. ಆಮೇಲೆ ಉಸಿರನ್ನು ಪೂರ್ತಿ ಹೊರಗೆ ಬಿಟ್ಟು ಅಂಗನವಾಡಿಯ ತೂಕದ ಯಂತ್ರ ಹತ್ತಿದಳು. ಗಾಳಿಗೂ ತೂಕ ಇದ್ದೀತು ಎಂಬುದು ಅವಳ ಲೆಕ್ಕ. ಎಪ್ಪತ್ತೊಂಬತ್ತು ಕಿಲೋ ಎಂಟುನೂರು. ನಿನ್ನೆ ಸಂಜೆಗಿಂತ ನೂರು ಗ್ರಾಂ ಕಡಿಮೆ! ಅಂಗನವಾಡಿ ಟೀಚರಮ್ಮ ಪಂಪಮ್ಮನ ಮುಖ ಅರಳಿತು.

ಮೊಣಕಾಲು ನೋವಿಗೆ ತೋರಿಸಲು ಹೋದಾಗ ಡಾಕ್ಟರು, ದಿನಾ ನಡೀರಿ, ಕರಿದದ್ದು ಬಿಡ್ರಿ, ತೂಕ ವಾರಕ್ಕೊಮ್ಮೆ ನೋಡಿದರೆ ಸಾಕು ಎಂದಿದ್ದರು. ಪಂಪಮ್ಮನ ಕಿವಿಗೆ ಬಿದ್ದದ್ದು ತೂಕ ಎಂಬ ಒಂದೇ ಮಾತು. ಬೆಳಿಗ್ಗೆ, ಮಧ್ಯಾಹ್ನ, ಬಾಗಿಲು ಹಾಕುವಾಗ, ಹೀಗೆ ಮೂರು ಹೊತ್ತೂ ಯಂತ್ರ ಹತ್ತಿ ಇಳಿಯುವುದರಲ್ಲೇ ದಿನ ಮುಗಿಯುತ್ತಿತ್ತು. ಪಾಪ, ನಡೆಯಲು ಪುರುಸೊತ್ತಾದರೂ ಎಲ್ಲಿ? ಮೂರು ವಾರದ ಹಿಂದೆ ಕಸ ಗುಡಿಸುವಾಗ ಯಂತ್ರವನ್ನು ಕಿಟಕಿಯ ಮೂಲೆಗೆ ಸರಿಸಿದಳು. ಅಲ್ಲಿ ನೆಲದ ಒಂದು ಫರಸಿ ಕಲ್ಲು ಕುಸಿದಿತ್ತು, ಯಂತ್ರದ ಒಂದು ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಅಲ್ಲಿ ಹತ್ತಿ ನಿಂತರೆ ಎಂಬತ್ತೊಂದು ಕಿಲೋ ಇದ್ದದ್ದು ಎಪ್ಪತ್ತೊಂಬತ್ತರ ಚಿಲ್ಲರೆಗೆ ಇಳಿಯಿತು. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಪಂಪಮ್ಮ ಹಾಗೆ ಎನ್ನುವವಳಲ್ಲ. ನೆಲ ನಿಜವಾಗಿ ಡೊಂಕಿದ್ದರೂ ತುಟಿ ಬಿಚ್ಚಲಿಲ್ಲ. ಯಂತ್ರ ಅಲ್ಲಿಯೇ ಉಳಿಯಿತು. ನೂರು ಗ್ರಾಂ ಇಳಿದಾಗಲೊಮ್ಮೆ ಸಂತೋಷಕ್ಕೆ ಒಂದು ಪ್ಲೇಟು ಮಿರ್ಚಿ ಬಜ್ಜಿ. ಇರಕಲ್ಲಗಡದ ಟೇಲರ್ ಗುಲ್ಶನ್ ಅವಳ ಜಂಪರಿನ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಟ್ಟಾಗ, "ನೀರಿಗೆ ಹಾಕಿದ್ದಕ್ಕ ಅರಿವಿ ಸಣ್ಣಾಗೈತಿ" ಎಂದು ಪಂಪಮ್ಮ ತಪ್ಪನ್ನು ಬಟ್ಟೆಯ ಮೇಲೆ ಹಾಕಿದಳು.

ಅವತ್ತು ಮಕ್ಕಳ ತಿಂಗಳ ತೂಕದ ದಿನ. ಎಲ್ಲರಿಗಿಂತ ಮೊದಲು ಹನುಮಂತಮ್ಮ ಎರಡು ವರ್ಷದ ಮಗ ವಿರುಪಾಕ್ಷಿಯನ್ನು ಎತ್ತಿಕೊಂಡು ಬಂದಳು. ಹೋದ ತಿಂಗಳು ಅವನು ಎಂಟು ಕಿಲೋ ನಾನೂರು ಇದ್ದ. ಈ ಸಲ ಏರದಿದ್ದರೆ ಕೊಪ್ಪಳದ ಆಸ್ಪತ್ರೆಯಲ್ಲಿ ಹದಿನಾಲ್ಕು ದಿನ ಇರಬೇಕು ಎಂದು ಪಂಪಮ್ಮ ಆಗಲೇ ಹೇಳಿಟ್ಟಿದ್ದಳು. ಹದಿನಾಲ್ಕು ದಿನ! ಮನೆಯಲ್ಲಿ ಅತ್ತೆ ಮುದುಕವ್ವನಿಗೆ ಎರಡೂ ಕಣ್ಣಿಲ್ಲ. ರೊಟ್ಟಿ ಕೈಗೆ ಕೊಡಲು, ಬಚ್ಚಲಿಗೆ ಕೈಹಿಡಿದು ಒಯ್ಯಲು ಹನುಮಂತಮ್ಮನನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಅವಳು ಮಗನನ್ನು ಯಂತ್ರದ ಮೇಲೆ ನಿಲ್ಲಿಸಿ ಕಣ್ಣು ಮುಚ್ಚಿದಳು.

"ಎಂಟು ಕಿಲೋ ಮುನ್ನೂರು," ಎಂದಳು ಪಂಪಮ್ಮ. "ನೂರು ಗ್ರಾಂ ಇಳದೈತಿ."

"ಇಳದೈತಿ? ಹೆಂಗ್ರಿ ಅಕ್ಕಾರ? ದಿನಾ ತತ್ತಿ ತಿನಿಸೀನಿ. ನೀವು ಕೊಟ್ಟ ಹಿಟ್ಟು ಒಂದು ಚಮಚಾನೂ ಬ್ಯಾರೇವ್ರ ಬಾಯಿಗೆ ಹಚ್ಚಿಲ್ಲ."

"ನಾ ಏನ್ ಮಾಡ್ಲೆವ್ವಾ? ಯಂತ್ರ ಸುಳ್ಳು ಹೇಳತೈತೇನು? ಚೀಟಿ ಬರದು ಕೊಡ್ತೀನಿ, ನಾಳಿ ಬಸ್ಸಿಗೆ ಕೊಪ್ಪಳಕ್ಕ ಹೋಗು."

ಹನುಮಂತಮ್ಮ ಮಗನ ಅಂಗಿ ಎತ್ತಿದಳು. "ನೀವ ನೋಡ್ರಿ. ಈ ಉಡದಾರ ಒಂದು ತಿಂಗಳದಾಗ ಎರಡು ಸಲ ಬಿಚ್ಚಿ ಸಡ್ಲ ಕಟ್ಟೀನಿ. ಮೊದ್ಲು ಗ್ವಾಡಿ ಹಿಡದು ನಿಂದರ್ತಿದ್ದ, ಈಗ ಆಡಿನ ಬೆನ್ನತ್ತಿ ಓಡತಾನ. ಇಳದಿದ್ರ ಉಡದಾರ ಯಾಕ ಬಿಗಿ ಆಕ್ಕಿತ್ರಿ?"

ಚೀಟಿ ಬರೆಯುತ್ತಿದ್ದ ಪಂಪಮ್ಮನ ಪೆನ್ನು ಅರ್ಧಕ್ಕೇ ನಿಂತಿತು. ಯಂತ್ರ ಇಳಿದಿದೆ ಅನ್ನುತ್ತದೆ, ಉಡದಾರ ಬಿಗಿಯಾಗಿದೆ. ಯಂತ್ರ ಇಳಿದಿದೆ ಅನ್ನುತ್ತದೆ, ತನ್ನ ಜಂಪರೂ ಬಿಗಿಯಾಗಿದೆ. ಅವಳ ಕಣ್ಣು ಕಿಟಕಿಯ ಮೂಲೆಯ ಫರಸಿಯ ಮೇಲೆ ಹೋಯಿತು. ಹೇಳಬಾರದು, ಆದರೂ ಹೇಳುತ್ತೇನೆ: ಅವಳು ಪೂರಾ ಒಂದು ನಿಮಿಷ ಯೋಚಿಸಿದಳು. ಯಂತ್ರ ಸರಿಸಿದರೆ ಕೂಸಿನ ನಿಜವಾದ ತೂಕ ಬರುತ್ತದೆ, ಅದರ ಹಿಂದೆಯೇ ತನ್ನದೂ ಬರುತ್ತದೆ. ಸುಮ್ಮನಿದ್ದರೆ ಕೇಳುವವರು ಯಾರು? ಕೊಪ್ಪಳದವರು ನಾಳೆ ತೂಗಿ ನೋಡಿ ವಾಪಸು ಕಳಿಸಿಯಾರು. ಅಷ್ಟರಲ್ಲಿ ವಿರುಪಾಕ್ಷಿ ಯಂತ್ರದಿಂದ ಇಳಿದು, ತುದಿಗಾಲಲ್ಲಿ ನಿಂತು ಮೇಜಿನ ಮೇಲಿನ ಚೀಟಿಗೆ ಕೈ ಚಾಚಿ ಅವಳನ್ನು ನೋಡಿ ನಕ್ಕ. ಪಂಪಮ್ಮನಿಗೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ಎದ್ದು ಹೋಗಿ ಯಂತ್ರವನ್ನೆತ್ತಿ ಕೋಣೆಯ ನಡುವೆ, ಸಮ ನೆಲದ ಮೇಲೆ ಇಟ್ಟಳು.

"ಮತ್ತ ನಿಂದ್ರಸು."

ಎಂಟು ಕಿಲೋ ಏಳುನೂರು.

"ಮುನ್ನೂರು ಗ್ರಾಂ ಏರೈತಿ. ಅಲ್ಲಿ ನೆಲ ಡೊಂಕೈತಿ, ನನಗ ಗೊತ್ತಿತ್ತು. ತಪ್ಪು ನಂದು," ಎಂದ ಪಂಪಮ್ಮ ಚೀಟಿ ಹರಿದಳು.

ಹನುಮಂತಮ್ಮನಿಗೆ ಯಾರ ತಪ್ಪು ಎಂದು ವಿಚಾರಿಸುವಷ್ಟು ವ್ಯವಧಾನ ಇರಲಿಲ್ಲ. ಮಗನನ್ನು ಎದೆಗವಚಿಕೊಂಡು ಗೊಳೋ ಎಂದು ಅತ್ತುಬಿಟ್ಟಳು. ಕಣ್ಣೊರೆಸಿಕೊಂಡ ಮೇಲೆ, ಉಪಕಾರ ತೀರಿಸುವವಳ ಹಾಗೆ ಹೇಳಿದಳು: "ಅಕ್ಕಾರ, ನೀವೂ ದಿನಾ ಅಲ್ಲೇ ನಿಂದರ್ತೀರಿ. ನಿಮಗೂ ತಪ್ಪು ತೋರಿಸಿರಬೇಕು. ಒಮ್ಮಿ ಇಲ್ಲಿ ನಿಂದರ್ರಿ."

"ನಂದೇನು ಬಿಡವ್ವಾ."

"ಹಂಗಂದ್ರ ಹೆಂಗ್ರಿ? ನಿಂದರ್ರಿ."

ಪಂಪಮ್ಮ ಹತ್ತಿದಳು. ಈ ಸಲ ಉಸಿರು ಬಿಡುವ ಗೋಜಿಗೂ ಹೋಗಲಿಲ್ಲ. ಎಂಬತ್ತೆರಡು ಕಿಲೋ ನೂರು.

ಹನುಮಂತಮ್ಮನಿಗೆ ಅಂಕಿ ಓದಲು ಬರುತ್ತಿರಲಿಲ್ಲ. "ಏನಂತೈತ್ರಿ? ಏರೈತೋ, ಇಳದೈತೋ?"

"ಏರೈತಿ," ಎಂದಳು ಪಂಪಮ್ಮ, ತನಗೇ ಕೇಳಿಸದಷ್ಟು ಸಣ್ಣಗೆ.

ಹನುಮಂತಮ್ಮನ ಮುಖ ಬೆಳಗಿತು. ಕೂಸನ್ನು ಕೆಳಗಿಳಿಸಿ, ಎರಡೂ ಕೈಯಿಂದ ಪಂಪಮ್ಮನ ದುಂಡನೆಯ ಕೆನ್ನೆ ಸವರಿ, "ಯಾರ ಕಣ್ಣೂ ಹತ್ತದಿರ್ಲಿ ನಮ್ಮವ್ವಗ!" ಎಂದು ಹತ್ತೂ ಬೆರಳಿನ ಲಟಿಗೆ ಮುರಿದಳು.