ಮುಚ್ಚದ ಗುಂಡಿ

ಗಂಡನ ಹೆಜ್ಜೆ ಗುರುತು ಮುಗಿದು ಕಲ್ಲುನೆಲ ಶುರುವಾಗುವಲ್ಲಿ ಐಲ್ಸಾ ಜೀಪ್ ನಿಲ್ಲಿಸಿ, ಹಾರ್ನ್ ಒತ್ತಿ ಹಿಡಿದಳು. ಆ ಸದ್ದು ಕೆಂಪು ಬಯಲಿನ ಮೇಲೆ, ಕುರುಚಲು ಮುಲ್ಗಾ ಗಿಡಗಳ ಮೇಲೆ ಹಾದು ಎಲ್ಲೋ ಕರಗಿತು. ಯಾರೂ ಓಗೊಡಲಿಲ್ಲ. ಓಗೊಡುವುದಾದರೂ ಹೇಗೆ? ಡೆಸ್ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಚಿನ್ನ ಹುಡುಕುವ ಡಿಟೆಕ್ಟರ್ ಹಿಡಿದನೆಂದರೆ, ನೆಲದೊಳಗಿನ ಮೊಳೆಯ ಪಿಸುಮಾತು ಕೇಳೀತೇ ಹೊರತು ಹೆಂಡತಿಯ ಕೂಗು ಕೇಳುವುದಿಲ್ಲ.

ಊಟಕ್ಕೆ ಬರಬೇಕಾದವನು ಬಂದಿರಲಿಲ್ಲ. ಹೊತ್ತು ಇಳಿಯುತ್ತಿತ್ತು, ಬಿಸಿಲು ಇಳಿದಿರಲಿಲ್ಲ. ಅವನ ವಾಕಿಟಾಕಿ ಅವರು ಬೀಡುಬಿಟ್ಟಿದ್ದ ಕ್ಯಾರವಾನಿನ ಮೇಜಿನ ಮೇಲೆಯೇ ಉಳಿದಿತ್ತು, ಪಕ್ಕದಲ್ಲೇ ತುಂಬಿಟ್ಟ ನೀರಿನ ಬಾಟಲಿ. ಮುನಿಸಿಕೊಂಡು ಹೊರಟವನಿಗೆ ನೀರಿನ ನೆನಪು ಎಲ್ಲಿರುತ್ತದೆ? ಹೋದ ಬೇಸಿಗೆ ಇದೇ ಸೀಮೆಯಲ್ಲಿ ದಾರಿ ತಪ್ಪಿದವನೊಬ್ಬನನ್ನು ಕೊನೆಗೆ ತೋರಿಸಿಕೊಟ್ಟಿದ್ದು ಕಾಗೆಗಳು.

ಜಗಳ ಹತ್ತಿದ್ದು ಗುಂಡಿಗಳಿಂದ. ಅಗೆದ ಗುಂಡಿಯನ್ನು ಮುಚ್ಚಿಯೇ ಮುಂದೆ ಹೋಗಬೇಕು ಎನ್ನುವುದು ಇಲ್ಲಿ ಚಿನ್ನ ಹುಡುಕುವವರ ಮೊದಲ ಪಾಠ. ಡೆಸ್ ಅದನ್ನು ಕಲಿತವನಲ್ಲ. ಅವನು ಹೋದ ದಾರಿಯುದ್ದಕ್ಕೂ ಹೆಗ್ಗಣ ತೋಡಿದ ಹಾಗೆ ಗುಂಡಿಗಳು ಬಾಯಿ ತೆರೆದುಕೊಂಡು ಬಿದ್ದಿರುತ್ತಿದ್ದವು. ನಿನ್ನೆ ಸಂಜೆ ಈ ಜಾಗದಲ್ಲಿ ದನ ಮೇಯಿಸುವ ಗಾರ್ತ್ ಬಂದು ಕೂಗಾಡಿದ್ದ.

"ನನ್ನ ಹಸು ನಿನ್ನ ಗುಂಡೀಲಿ ಕಾಲು ಮುರ್ಕೊಂಡಿದೆ ಕಣಯ್ಯಾ! ಇನ್ನೊಂದು ಗುಂಡಿ ಕಾಣ್ಲಿ, ನಿನ್ನನ್ನೇ ಅದ್ರಲ್ಲಿ ಹಾಕಿ ಮುಚ್ತೀನಿ."

ಗಾರ್ತ್ ಹೋದ ಮೇಲೆ ಐಲ್ಸಾ ಗಂಡನನ್ನು ತರಾಟೆಗೆ ತೆಗೆದುಕೊಂಡಿದ್ದಳು. "ಮದುವೆ ಆದಾಗಿಂದ ನೀನು ತೆಗೆದ ಬಾಗಿಲು, ನೀನು ತೆಗೆದ ಡಬ್ಬ, ಎಲ್ಲಾ ನಾನೇ ಮುಚ್ಕೊಂಡು ಬಂದಿದ್ದೀನಿ. ಗುಂಡೀನಾದ್ರೂ ನೀನು ಮುಚ್ಚೋ ಮಾರಾಯ! ಇಲ್ಲಾಂದ್ರೆ ನಿನ್ನ ಇಲ್ಲೇ ಬಿಟ್ಟು ಮನೆಗೆ ಹೋಗ್ತೀನಿ."

"ಹೋಗು ಹೋಗು. ನನ್ನ ಕಿವಿಗೂ ರಜ ಸಿಗುತ್ತೆ," ಎಂದಿದ್ದ ಡೆಸ್. ಬೆಳಿಗ್ಗೆ ಟೀ ಕೂಡ ಕುಡಿಯದೆ ಹೊರಟುಹೋಗಿದ್ದ.

ಗುಂಡಿಗಳ ಜಾಡು ಹಿಡಿದರೆ ಸಿಕ್ಕೇ ಸಿಗುತ್ತಾನೆ ಎಂದುಕೊಂಡು ಐಲ್ಸಾ ನೀರು ಹೊತ್ತು ನಡೆದಳು. ಆದರೆ ಒಂದು ಗುಂಡಿಯೂ ಕಾಣಲಿಲ್ಲ. ಒಂದೆಡೆ ಬೂಟು ಮೆತ್ತಗೆ ಕುಸಿಯಿತು. ಬಗ್ಗಿ ನೋಡಿದಳು. ಗುಂಡಿಗೆ ಮಣ್ಣು ತುಂಬಿ, ತುಳಿದು, ಮೇಲೆ ಒಣ ಎಲೆಯನ್ನೂ ಉದುರಿಸಿದ್ದ. ಸ್ವಲ್ಪ ದೂರದಲ್ಲಿ ಇನ್ನೊಂದು, ಅದೂ ಹಾಗೆಯೇ.

"ಅಯ್ಯೋ ಪಾಪಿ, ಇವತ್ತೇ ಬುದ್ಧಿ ಬರ್ಬೇಕಿತ್ತಾ ನಿಂಗೆ!"

ಮಾತು ಕೇಳದ ಗಂಡನನ್ನು ಬೈದು ಅವಳಿಗೆ ಗೊತ್ತಿತ್ತು. ಮಾತು ಕೇಳಿದ ಗಂಡನನ್ನು ಹುಡುಕಿ ಗೊತ್ತಿರಲಿಲ್ಲ. ಕಾಲಿನಿಂದ ನೆಲವನ್ನು ಒತ್ತಿ ಒತ್ತಿ ಮೆತ್ತಗಿನ ಜಾಗ ಹುಡುಕುತ್ತ ಹೋದಳು. ಆಮೇಲೆ ಅದೂ ಸಿಗಲಿಲ್ಲ. ಎಲ್ಲ ದಿಕ್ಕೂ ಒಂದೇ ಥರ ಕೆಂಪಗಿತ್ತು. ನನ್ನ ಬಾಯಿಯೇ ಅವನನ್ನು ಕೊಂದಿತು ಎಂದು ಅವಳಿಗೆ ಅನ್ನಿಸತೊಡಗಿತು. ದೇವರೇ, ಒಂದೇ ಒಂದು ಗುಂಡಿ ಮುಚ್ಚದೆ ಬಿಟ್ಟಿರಲಿ ಎಂದು ಬೇಡಿಕೊಂಡಳು.

ಒಣಗಿದ ಹಳ್ಳ ದಾಟಿದಾಗ ಅದು ಕಂಡಿತು. ಹೊಸದಾಗಿ ಅಗೆದ ಮಣ್ಣಿನ ಗುಡ್ಡೆ, ಪಕ್ಕದಲ್ಲಿ ತೆರೆದ ಗುಂಡಿ, ಅಡ್ಡಬಿದ್ದ ಡಿಟೆಕ್ಟರ್. ಸಂತೋಷದಿಂದ ಎರಡು ಹೆಜ್ಜೆ ಓಡಿದವಳು ಮರುಕ್ಷಣ ನಿಂತುಬಿಟ್ಟಳು. ಎಲ್ಲವನ್ನೂ ಮುಚ್ಚಿದವನು ಇದನ್ನೇಕೆ ಮುಚ್ಚಲಿಲ್ಲ?

ಗಿಡದ ಬುಡದ ಬೊಗಸೆ ನೆರಳಿನಲ್ಲಿ ಡೆಸ್ ಬಿದ್ದಿದ್ದ. ತುಟಿ ಬಿರುಕು ಬಿಟ್ಟಿತ್ತು. ಐಲ್ಸಾ ಅವನ ಕಿವಿಯಿಂದ ಹೆಡ್‌ಫೋನ್ ಕಿತ್ತೆಸೆದು, ತಲೆ ನೆನೆಸಿ, ಒದ್ದೆ ಬಟ್ಟೆಯಿಂದ ತುಟಿಗೆ ಹನಿ ಹನಿಯಾಗಿ ನೀರು ಬಿಟ್ಟಳು. ಬಹಳ ಹೊತ್ತಿನ ಮೇಲೆ ಗಂಟಲು ಅಲ್ಲಾಡಿತು. ಕಣ್ಣು ತೆರೆದು ಮೊದಲು ಅವಳನ್ನು ನೋಡಿದ, ಆಮೇಲೆ ಅವಳ ಹಿಂದಿದ್ದ ಗುಂಡಿಯನ್ನು. ಮುಖ ಸಣ್ಣಗಾಯಿತು.

"ಬಯ್ಯಬೇಡ ಕಣೇ... ಒಳಗೆ ಒಳ್ಳೇ ಸದ್ದಿತ್ತು, ಅಷ್ಟರಲ್ಲಿ ತಲೆ ತಿರುಗ್ತು. ತಾಳು, ಈಗಲೇ ಮುಚ್ಚಿಬಿಡ್ತೀನಿ."

"ಆ ಗುಂಡಿಗೆ ಕೈ ಹಚ್ಚಿ ನೋಡು, ಕೈ ಮುರೀತೀನಿ!" ಎಂದು ಐಲ್ಸಾ ಅವನ ತಲೆಯನ್ನು ಅವುಚಿಕೊಂಡು ಅಳತೊಡಗಿದಳು.