ಮಾತು ಫ್ರೀ

“ಮೇಡಮ್, ಹತ್ತೇ ನಿಮಿಷ ಹಾಟ್‌ಸ್ಪಾಟ್ ಆನ್ ಮಾಡ್ತೀರಾ? ಮಗಳ ಜೊತೆ ಮಾತಾಡ್ಬೇಕು.”

ಉದ್ಯಾನದ ಬೆಂಚಿನ ಮೇಲೆ ಕೂತಿದ್ದ ಮೇಡಮ್ ತಮ್ಮ ಫೋನಿನಿಂದ ತಲೆಯೆತ್ತಲಿಲ್ಲ. ಪರದೇಶದ ಪ್ರವಾಸಕ್ಕೆ ಬಂದು ನಾಲ್ಕು ದಿನವಾಗಿತ್ತು. ವಿಮಾನ ನಿಲ್ದಾಣದಲ್ಲೇ ಯಜಮಾನರಿಗೊಂದು, ಮೇಡಮ್‌ಗೊಂದು ಅಲ್ಲಿನ ಸಿಮ್ ಕೊಂಡಾಗಿತ್ತು. ಮಗು ನೋಡಿಕೊಳ್ಳಲೆಂದು ಕರೆತಂದ ಆಯಾಗೆ ಕೊಂಡಿರಲಿಲ್ಲ. ಹೇಗೂ ನಮ್ಮ ಜೊತೆಗೇ ಇರ್ತೀಯಲ್ಲ, ನಿನಗ್ಯಾಕೆ ಎಂದಿದ್ದರು. ಉಳಿದುಕೊಂಡಿದ್ದ ಬಾಡಿಗೆ ಮನೆಯ ವೈಫೈ ಬಂದ ದಿನವೇ ಕೈಕೊಟ್ಟಿತ್ತು.

“ವಿಡಿಯೋನಾ? ಡೇಟಾನ ನೀರು ಕುಡಿದ ಹಾಗೆ ಕುಡಿಯುತ್ತೆ. ಆಮೇಲೆ ಮ್ಯಾಪ್ ಇಲ್ಲದೆ ಬೀದಿ ಬೀದಿ ಅಲೀಬೇಕು ಅಷ್ಟೆ. ತಗೋ, ನನ್ನ ಫೋನಲ್ಲೇ ಕಾಲ್ ಮಾಡು. ನನ್ನ ಪ್ಯಾಕಲ್ಲಿ ಊರಿಗೂ ಮಾತು ಫ್ರೀ, ಎಷ್ಟು ಹೊತ್ತು ಬೇಕಾದ್ರೂ ಆಡ್ಕೋ.”

ಮೇಡಮ್ ಕೆಟ್ಟವರಲ್ಲ. ಕೊಡುವುದನ್ನು ಧಾರಾಳವಾಗಿಯೇ ಕೊಡುತ್ತಿದ್ದರು. ಏನು ಬೇಕೆಂದು ಕೇಳುತ್ತಿರಲಿಲ್ಲ, ಅಷ್ಟೆ.

ಆಯಾಳ ಮಡಿಲಲ್ಲಿದ್ದ ಎರಡು ವರ್ಷದ ಪುಟ್ಟಿ ತಾಯಿಯ ಕಡೆ ತಿರುಗಿ ಎರಡೂ ಮುಷ್ಟಿ ಅಲುಗಾಡಿಸಿದಳು. “ನೋಡು, ಬಾಯಲ್ಲಿ ಒಂದು ಮಾತಿಲ್ಲ, ಬರೀ ಹಠ! ಊರಿಗೆ ಹೋದ ಕೂಡ್ಲೇ ಡಾಕ್ಟರಿಗೆ ತೋರಿಸ್ಬೇಕು,” ಎಂದರು ಮೇಡಮ್. ಆಯಾ ಏನೋ ಹೇಳಹೊರಟವಳು, ಮೇಡಮ್ ಚಾಚಿದ ಫೋನು ತೆಗೆದುಕೊಂಡು ಮನೆಯ ನಂಬರು ಒತ್ತಿದಳು. ಮೇಡಮ್ ಸ್ಪೀಕರ್ ಹಾಕಿಕೊಟ್ಟರು.

“ಎಲ್ಲಿ ಹೋಗಿ ಸತ್ತಿದ್ದೆಯೇ!” ಅತ್ತಲಿಂದ ಆಯಾಳ ತಾಯಿ. “ನಿನ್ನೆಯಿಂದ ಒಂದು ತುತ್ತು ಮುಟ್ಟಿಲ್ಲ ನಿನ್ನ ಮಗಳು. ನೀನಿನ್ನು ಬರೋದೇ ಇಲ್ಲ ಅಂದ್ಕೊಂಡುಬಿಟ್ಟಿದೆ. ಸಮಾಧಾನ ಹೇಳೋಣ ಅಂದ್ರೆ ನಂಗೆ ಬರೋದೇ ಎರಡು, ಊಟ, ಸ್ನಾನ. ಫೋನ್ ಹಿಡ್ಕೊಂಡು ಕಿಟಕಿ ಹತ್ರ ಕೂತಿತ್ತು, ಕಿತ್ಕೊಂಡು ಬಂದೆ.”

ಮೇಡಮ್ ನಡುವೆ ಬಾಯಿ ಹಾಕಿದರು. “ಮಗಳ ಕೈಗೇ ಕೊಡೋಕೆ ಹೇಳು. ನಿನ್ನ ದನಿ ಕೇಳಿದ್ರೆ ಸರಿಹೋಗ್ತಾಳೆ.”

“ಅವಳಿಗೆ ಕಿವಿ ಕೇಳಿಸಲ್ಲ ಮೇಡಮ್.”

“ಅಂದ್ರೆ?”

“ಹುಟ್ಟಿದಾಗಿಂದ. ಕೈಯಲ್ಲೇ ಮಾತು. ಹೇಳಿದ್ದೆ ನಿಮಗೆ, ಕಿವುಡ ಮಕ್ಕಳ ಶಾಲೆಗೆ ಸೇರಿಸೋಕೆ ಎರಡು ದಿನ ರಜ ಕೇಳಿದಾಗ.”

ಎರಡು ದಿನ ಕೇಳಿದ್ದಕ್ಕೆ ಒಂದೇ ದಿನ ಕೊಟ್ಟದ್ದು ಮೇಡಮ್‌ಗೆ ಚೆನ್ನಾಗಿ ನೆನಪಿತ್ತು. ಶಾಲೆಯ ಮಾತು ಕಿವಿಗೆ ಬಿದ್ದಿರಲೇ ಇಲ್ಲ. ಅವರು ಫೋನು ಈಸಿಕೊಂಡು ಹಾಟ್‌ಸ್ಪಾಟ್ ಆನ್ ಮಾಡಿದರು. ಪಾಸ್‌ವರ್ಡನ್ನು ತಾವೇ ಆಯಾಳ ಫೋನಿಗೆ ಒಂದೊಂದೇ ಅಕ್ಷರ ಒತ್ತಿದರು; ಎರಡು ಸಲ ತಪ್ಪಿತು.

ಆಯಾ ತನ್ನ ಫೋನನ್ನು ಮಗುವಿನ ತಳ್ಳುಗಾಡಿಗೆ ಒರಗಿಸಿದಳು. ಮಾತಾಡಲು ಅವಳಿಗೆ ಎರಡೂ ಕೈ ಬೇಕಿತ್ತು. ಚಿತ್ರ ಒಮ್ಮೆ ನಿಂತು, ಮತ್ತೆ ಕದಲಿತು. ಅತ್ತೂ ಅತ್ತೂ ಮುಖ ಊದಿಸಿಕೊಂಡ ಒಂಬತ್ತು ವರ್ಷದ ಹುಡುಗಿ, ಅಮ್ಮನನ್ನು ಕಂಡದ್ದೇ ಕೈ ಬೀಸಿ ಬೀಸಿ ಬೈಯತೊಡಗಿದಳು. ಆಯಾ ಬೈಸಿಕೊಂಡಳು. ಆಮೇಲೆ ಆರು ಬೆರಳೆತ್ತಿ ತೋರಿಸಿ, ಎದೆ ಮುಟ್ಟಿಕೊಂಡಳು. ಆರೇ ದಿನ, ಬಂದೇ ಬರ್ತೀನಿ.

ಹುಡುಗಿಯ ಕೈ ಸುಮ್ಮನಾಯಿತು. ಅಷ್ಟರಲ್ಲಿ ಪುಟ್ಟಿ ಪರದೆಗೆ ಮುಖ ತೂರಿಸಿ, ಐದು ಬೆರಳು ಕೂಡಿಸಿ ಬಾಯಿಗೆ ತಟ್ಟಿ, ಗಲ್ಲದ ಕೆಳಗೆ ಕೈ ತಿರುಗಿಸಿದಳು. ದಿನವೂ ಉಣಿಸುವಾಗ ಆಯಾ ತನಗೆ ಕೈಯಲ್ಲಿ ಹೇಳುವ ಹಾಗೆಯೇ, ಊಟ ಮಾಡು ಜಾಣೆ. ಅಲ್ಲಿ ಹುಡುಗಿ ಗೊಳ್ಳೆಂದು ನಕ್ಕಳು. ಅಜ್ಜಿಯ ಕೈ ತಟ್ಟೆಯೊಂದನ್ನು ಚಿತ್ರದೊಳಗೆ ತಳ್ಳಿತು.

ಪುಟ್ಟಿ ಗೆದ್ದವಳಂತೆ ಮೇಡಮ್ ಕಡೆ ತಿರುಗಿದಳು. ಮತ್ತೆ ಎರಡೂ ಮುಷ್ಟಿ ಅಲುಗಾಡಿಸಿದಳು.

ಮೇಡಮ್ ಆ ಮುಷ್ಟಿಗಳನ್ನೇ ನೋಡಿದರು. “ಇದೂ... ಇದೂ ಮಾತೇನೇ? ಏನಂತಿದ್ದಾಳೆ?”

ಆಯಾ ಪರದೆಯಿಂದ ಕಣ್ಣು ಕೀಳಲಿಲ್ಲ.

“ಆಟ ಆಡೋಣ ಬಾ ಅಂತಿದ್ದಾಳೆ ಮೇಡಮ್. ಆರು ತಿಂಗಳಿಂದ ಕರೀತಾನೇ ಇದ್ದಾಳೆ.”