ಅರ್ಧ ಲಿವರ್, ಐದು ತೂತು

ಅವತ್ತು ಅಕ್ಕನ ಸೂಪರ್‌ವೈಸರ್ ಮುಖಕ್ಕೆ ನಾನು ಹೊಡೆದ ಡೈಲಾಗ್ ಕೇಳಿದ್ದರೆ ನೀವು ಎದ್ದು ನಿಂತು ಶಿಳ್ಳೆ ಹಾಕುತ್ತಿದ್ದಿರಿ ಸ್ವಾಮಿ!

ಆಪರೇಷನ್ ಆಗಿ ಒಂಬತ್ತನೇ ದಿನ. ಕೆಮ್ಮು ಬಂದರೂ ಅಕ್ಕ ಹೊಟ್ಟೆಗೆ ದಿಂಬು ಒತ್ತಿಕೊಳ್ಳುತ್ತಿದ್ದಳು. ಗಾರ್ಮೆಂಟ್ಸ್ ಸೂಪರ್‌ವೈಸರ್ ಮನೆಗೇ ಬಂದು, ಅಕ್ಕನ ರಜೆ ಅರ್ಜಿ, ಡಿಸ್ಚಾರ್ಜ್ ಚೀಟಿ ಎರಡನ್ನೂ ಓದಿ ಹಲ್ಲು ಕಿರಿದ.

"ಬರೀ ಐದು ತೂತಾ? ಸೊಳ್ಳೆ ಕಚ್ಚಿದ್ರೂ ಇದಕ್ಕಿಂತ ಜೋರಾಗಿರುತ್ತಮ್ಮಾ! ಇದಕ್ಕೆ ಆರು ವಾರ ರಜೆ ಬೇರೆ ಕೇಡು. ಸೋಮವಾರ ಬಂದು ಬಟ್ಟೆ ಬಂಡಲ್ ಎತ್ತು, ಇಲ್ಲಾಂದ್ರೆ ನಿನ್ನ ಮಿಷನ್‌ಗೆ ಬೇರೆಯವಳನ್ನ ಕೂರಿಸ್ತೀನಿ."

ಆಗ ಬಂತು ನೋಡಿ ಡೈಲಾಗ್!

"ಕಳ್ಳ ಬಾಗಿಲು ಒಡೀದೆ ಕಿಟಕಿಯಿಂದ ನುಗ್ಗಿದ ಅಂತ ಹೋದ ಸಾಮಾನು ಕಮ್ಮಿ ಆಗುತ್ತಾ ಸಾರ್? ಅದೇ ತೂತಲ್ಲಿ ಕ್ಯಾಮೆರಾ, ಕತ್ತರಿ ಇಳಿಸಿ ಅರ್ಧ ಲಿವರ್ ಕತ್ತರಿಸಿ ತೆಗೆದಿದ್ದಾರೆ. ರಜೆ ಕೇಳಿರೋದು ತೂತಿಗಲ್ಲ, ಹೋದ ಲಿವರ್‌ಗೆ. ಹಾಕಿ ಸಹಿ!"

ಸೂಪರ್‌ವೈಸರ್ ಪೆನ್ನು ತೆಗೆದು ರಜೆ ಅರ್ಜಿಗೆ ಸಹಿ ಹಾಕಿದ.

ಸರಿ, ನಿಜ ಹೇಳಿಬಿಡುತ್ತೇನೆ. ಗೋಡೆ ಹಿಡಿದು ಎದ್ದು ನಿಂತು ಆ ಮಾತು ಆಡಿದವಳು ಅಕ್ಕ. ಅವಳ ತಮ್ಮನಾಗಿ ನಾನು ಮಾಡಿದ್ದು ಒಂದೇ: ಸೂಪರ್‌ವೈಸರ್‌ನ ಸೊಳ್ಳೆ ಜೋಕಿಗೆ ಎಲ್ಲರಿಗಿಂತ ಮೊದಲು ನಕ್ಕಿದ್ದು.